ಬೆಂಗೇರಿಯ ಬಾವುಟಕ್ಕೆ ಎರಡು ಚಕ್ರ

ಬಟ್ಟೆಯ ಈ ಬದಿಗೊಂದು ಚಕ್ರ, ಆ ಬದಿಗೊಂದು. ಎರಡರ 24 ಕಡ್ಡಿಗಳೂ ಒಂದರ ಬೆನ್ನಿಗೊಂದು ಕೂರಬೇಕು. ರಾಷ್ಟ್ರಧ್ವಜವನ್ನು ಬೆಳಕಿಗೆ ಹಿಡಿದರೆ ಕಾಣುವುದು ಒಂದೇ ಚಕ್ರ. ಕೂದಲೆಳೆಯಷ್ಟು ಸರಿದರೂ ನೆರಳು ಮೂಡಿ ಗುಟ್ಟು ರಟ್ಟಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಕೈಗೂ ಕಣ್ಣಿಗೂ ಹೆಚ್ಚು ಕೆಲಸ ಕೊಡುವುದು ಈ ಅಚ್ಚೇ.

ಸಂಘ ಹುಟ್ಟಿದ್ದು 1957ರ ನವೆಂಬರ್‌ನಲ್ಲಿ. ಬಾವುಟದ ಘಟಕ 2004ರದು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಪಡೆದ ದೇಶದ ಏಕೈಕ ಘಟಕವೆಂದು ಇದು ಬಹುಕಾಲ ಹೆಸರಾಗಿತ್ತು. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರು ಸಿಮೆಂಟಿಗಲ್ಲ, ಕಬ್ಬಿಣಕ್ಕಲ್ಲ, ರಾಷ್ಟ್ರಧ್ವಜಕ್ಕೆ.

ಬಟ್ಟೆ ಬಾಗಲಕೋಟೆ ಕಡೆಯ ಕೈಮಗ್ಗಗಳಲ್ಲಿ ನೇಯ್ದು ಬರುತ್ತದೆ. ಬೆಂಗೇರಿಯಲ್ಲಿ ಬಣ್ಣ, ಕತ್ತರಿ, ಅಚ್ಚು, ಹೊಲಿಗೆ, ಹಗ್ಗ. ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಅಳತೆ ಒಂಬತ್ತು ಬಗೆ: ಮೇಜಿನ ಮೇಲಿನ 6x4 ಇಂಚಿನದರಿಂದ 21x14 ಅಡಿಯ ದೈತ್ಯನವರೆಗೆ. ಯಾವುದಾದರೂ ಉದ್ದ ಅಗಲ 3:2 ತಪ್ಪುವಂತಿಲ್ಲ.

ಈ ವಿನ್ಯಾಸವನ್ನು ಸಂವಿಧಾನ ಸಭೆ ಒಪ್ಪಿದ್ದು 1947ರ ಜುಲೈ 22ರಂದು. ಹಿಂದಿನ ಬಾವುಟದ ಚರಕದ ಜಾಗಕ್ಕೆ ಅಶೋಕ ಚಕ್ರ ಬಂತು. ಕೇಸರಿ ತ್ಯಾಗ, ಬಿಳಿ ಸತ್ಯದ ದಾರಿ, ಹಸಿರು ಮಣ್ಣಿನ ನಂಟು, ಚಕ್ರ ಧರ್ಮ ಎಂದು ಬಿಡಿಸಿ ಹೇಳಿದವರು ರಾಧಾಕೃಷ್ಣನ್. ಅದಕ್ಕೂ ಐದು ವರ್ಷ ಮೊದಲೇ, ಶಿಕಾರಿಪುರ ತಾಲ್ಲೂಕಿನ ಈಸೂರು ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿ ತಾನು ಸ್ವತಂತ್ರ ಎಂದು ಸಾರಿತ್ತು. ಆ ಹೋರಾಟದ ಬೆಲೆಯಾಗಿ 1943ರಲ್ಲಿ ಊರಿನ ಐವರು ಗಲ್ಲಿಗೇರಿದರು.

ಈಗ ಬೆಂಗೇರಿಯ ಖಾದಿ ಬಾವುಟಕ್ಕೆ ಪೆಟ್ಟು ಬಿದ್ದಿರುವುದು ಒಂದು ಆದೇಶದಿಂದ. ಕೇಂದ್ರ ಸರ್ಕಾರದ 2021ರ ಡಿಸೆಂಬರ್ 30ರ ಆದೇಶ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟಿತು. ಮರುವರ್ಷ ಮನೆಮನೆಯಲ್ಲೂ ತ್ರಿವರ್ಣ ಹಾರಿತು, ನಿಜ. ಆದರೆ ಅಗ್ಗದ ಪಾಲಿಯೆಸ್ಟರ್ ಎದುರು ನೂಲುವವರು, ನೇಯುವವರು, ಹೊಲಿಯುವವರ ಕೂಲಿ ಸೇರಿದ ಖಾದಿ ಬೆಲೆಯಲ್ಲಿ ಗೆಲ್ಲುವುದುಂಟೇ? ಸಂಘದವರು ಪ್ರತಿಭಟನೆಗೂ ಇಳಿದರು. ಆದೇಶ ವಾಪಸಾಗಲಿಲ್ಲ.

ಮನೆ ಮೇಲಿನ ಬಾವುಟ ಅವರವರ ಶಕ್ತಿಗೆ ಬಿಟ್ಟದ್ದು. ಊರಿನ ಪಂಚಾಯಿತಿ, ಶಾಲೆಗಳಿಗೆ ಮಾತ್ರ ಒಂದು ವಿನಂತಿ: ಆಗಸ್ಟ್ 15ರ ಖರೀದಿಗೆ ಹೋದಾಗ ಖಾದಿಯದನ್ನೇ ಕೇಳಿ, ಐಎಸ್‌ಐ ಗುರುತು ನೋಡಿ ಕೊಳ್ಳಿ.