ಬಾಟಲಿ ಅಂಗಡಿಯ ಗಲ್ಲಾದ ಹಿಂದಿನಿಂದ

ಕಳೆದ ದೀಪಾವಳಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮಹನೀಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಡಾಕ್ಟ್ರೇ, ಕ್ರಿಸ್ಮಸ್‌ಗೆ ಆಫೀಸಿನವರನ್ನು ಊಟಕ್ಕೆ ಕರೆದಿದ್ದೇವೆ. ಯಾವ ವೈನ್ ತರೋದು?" ಎಂದು ಕೇಳಿದರು. ದನಿ ತಗ್ಗಿಸಿದ್ದೇಕೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಅಡಿಲೇಡ್, ಪರ್ತ್, ಈಗ ಬ್ರಿಸ್ಬೇನ್, ಮೂರೂ ಊರುಗಳಲ್ಲಿ ಈ ಪ್ರಶ್ನೆ ನಮ್ಮನ್ನು ಹಿಂಬಾಲಿಸಿದೆ. ಒಮ್ಮೆ ಬರೆದೇ ಬಿಟ್ಟರೆ ಎಲ್ಲರಿಗೂ ಅನುಕೂಲವೆಂದು ಈ ಲೇಖನ. ಕುಡಿಯಿರೆಂದು ಬೋಧಿಸುವ ಉದ್ದೇಶ ನಮಗಿಲ್ಲ. ಕುಡಿಯದವರೂ ದಯವಿಟ್ಟು ಓದಬೇಕು. ಇಲ್ಲಿನ ಮುಖ್ಯ ಮಾತು ಅವರದೇ.

ನಾವು ರಸಾಯನಶಾಸ್ತ್ರದವರು. ಅಂಗಡಿ ವಿದ್ಯೆ ಬಂದದ್ದು ಹೊಟ್ಟೆಪಾಡಿನಿಂದ. ಅಡಿಲೇಡಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಸ್ಕಾಲರ್‌ಷಿಪ್ ಹಣ ಬಾಡಿಗೆಗೆ ಸರಿಹೋಗುತ್ತಿತ್ತು. ಅಕ್ಕಿ ಬೇಳೆಯ ಖರ್ಚಿಗೆಂದು ಬೀದಿಯ ಕೊನೆಯಲ್ಲಿದ್ದ ಬಾಟಲ್ ಶಾಪಿನಲ್ಲಿ ಸಂಜೆ ಕೆಲಸಕ್ಕೆ ಸೇರಿದೆವು. ಯಜಮಾನರು ಇಟಲಿ ಮೂಲದ ವೃದ್ಧರು. ಮೂರನೆಯ ವರ್ಷ ಅವರು ಡಿಸೆಂಬರಿನಲ್ಲಿ ಮಗಳ ಮನೆಗೆ ಹೊರಟು, ಅಂಗಡಿಯ ಬೀಗದ ಕೈಯನ್ನು ನಮ್ಮ ಕೈಗೇ ಕೊಟ್ಟರು.

ಹೊರಗಿನಿಂದ ನೋಡಿದವರಿಗೆ ಅದು ಸುಲಭದ ವ್ಯಾಪಾರ. ಆದರೆ ಹಬ್ಬದ ಸರಕಿಗೆ ಅಕ್ಟೋಬರಿನಲ್ಲೇ ಆರ್ಡರು ಕೊಡಬೇಕು, ಹಣ ಮಾತ್ರ ಡಿಸೆಂಬರಿನಲ್ಲಿ ಬರುತ್ತದೆ. ಬಿಸಿಲಿಗೆ ಮುಖಮಾಡಿದ ಕಿಟಕಿಯಲ್ಲಿ ಬಾಟಲಿ ಇಟ್ಟರೆ ಒಳಗಿನದು ಕೆಡುತ್ತದೆ. ಹದಿನೆಂಟು ತುಂಬಿತೇ ಎಂದು ಗುರುತಿನ ಚೀಟಿ ಕೇಳಬೇಕು. ಆಗಲೇ ತೂರಾಡುತ್ತಿರುವವನಿಗೆ ಇಲ್ಲವೆನ್ನಬೇಕು. ದೊಡ್ಡ ಸರಣಿ ಅಂಗಡಿಗಳ ಬೆಲೆಗೆ ನಾವು ಇಳಿಯಲಾರೆವು. ನಮಗಿದ್ದ ಬಂಡವಾಳ ಒಂದೇ: ಗಿರಾಕಿಯ ಮನೆಯ ಊಟವನ್ನು ನೆನಪಿಟ್ಟುಕೊಳ್ಳುವುದು. ಕನ್ನಡಿಗ ಗಿರಾಕಿಗಳ ವಿಷಯವೇ ಬೇರೆ. ಗಲ್ಲಾದ ಹಿಂದೆ ನಮ್ಮನ್ನು ಕಂಡೊಡನೆ, ಕೇಳುವ ಮೊದಲೇ, "ಸ್ನೇಹಿತರಿಗೆ" ಎನ್ನುತ್ತಿದ್ದರು!

ಯಜಮಾನರು ಕಲಿಸಿದ್ದು ಮೂರು ಪ್ರಶ್ನೆ. ಊಟಕ್ಕೇನು? ಪಂಕ್ತಿಯಲ್ಲಿ ಯಾರಿದ್ದಾರೆ? ಮನೆಗೆ ಕಾರು ಓಡಿಸುವವರು ಯಾರು? ಬೆಲೆಯ ಮಾತು ಕೊನೆಗೆ.

ಮೊದಲನೆಯದಕ್ಕೆ ನಮ್ಮ ಶಾಸ್ತ್ರ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ನಾಲಗೆಯ ಮೇಲೆ ಬಿಸಿಯನ್ನು ಗ್ರಹಿಸುವ ಅಂಗವೇ ಮೆಣಸಿನಕಾಯಿಯ ಖಾರವನ್ನೂ ಗ್ರಹಿಸುತ್ತದೆ. ಆಲ್ಕೊಹಾಲ್ ಅದನ್ನು ಮತ್ತಷ್ಟು ಕೆರಳಿಸುತ್ತದೆ. ಆದ್ದರಿಂದ ಬಿಸಿಬೇಳೆಬಾತಿನ ಜೊತೆ ಶೇಕಡಾ 15ರ ಬರೋಸಾ ಷಿರಾಜ್ ಇಟ್ಟರೆ ಅತಿಥಿಯ ಕಣ್ಣಲ್ಲಿ ನೀರು ಬರುವುದು ಖಂಡಿತ. ಹುಣಿಸೆಹುಳಿಯ ಮುಂದೆ ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗುತ್ತದೆ. ಹುಳಿಯೂ ಇದ್ದು ತುಸು ಸಿಹಿಯೂ ಇರುವ ರೀಸ್ಲಿಂಗ್ ನಮ್ಮ ಅಡುಗೆಗೆ ಹೊಂದುತ್ತದೆ. ಅಡಿಲೇಡಿನ ಉತ್ತರಕ್ಕಿರುವ ಕ್ಲೇರ್ ಕಣಿವೆ ರೀಸ್ಲಿಂಗಿಗೆ ಪ್ರಸಿದ್ಧ. ಅಲ್ಲಿಯದು ಹೆಚ್ಚಾಗಿ ಸಿಹಿಯಿಲ್ಲದ್ದು, ಆದ್ದರಿಂದ ಲೇಬಲಿನಲ್ಲಿ 'ಆಫ್ ಡ್ರೈ' ಎಂದಿದೆಯೇ ನೋಡಿಕೊಳ್ಳಿ. ಬಾಟಲಿಗೆ ಬಿರಟೆಯ ಬದಲು ತಿರುಪಿನ ಮುಚ್ಚಳವಿದ್ದರೆ ಅಗ್ಗದ ಮಾಲೆಂದು ಭಾವಿಸಬೇಡಿ. ಬಿರಟೆಯಿಂದ ಬರುವ ಟ್ರೈಕ್ಲೋರೋಅನಿಸೋಲ್ ಎಂಬ ಮುಗ್ಗಲು ವಾಸನೆಗೆ ಬೇಸತ್ತು, ಕ್ಲೇರಿನ ಹಲವು ತಯಾರಕರು ಒಟ್ಟಾಗಿ 2000ದ ಬೆಳೆಯಿಂದ ತಿರುಪಿನ ಮುಚ್ಚಳಕ್ಕೆ ತಿರುಗಿದರು.

ಮುಂದೆ ಕೆಲಸದ ಮೇಲೆ ಪರ್ತಿಗೆ ಹೋದೆವು. ಕ್ರಿಸ್ಮಸ್ ವೇಳೆಗೆ ಅಲ್ಲಿ ಕೆಂಡದಂಥ ಬಿಸಿಲು. ಊರ ಅಂಚಿನ ಸ್ವಾನ್ ಕಣಿವೆಯ ಶೆನಿನ್ ಬ್ಲಾಂಕ್, ವರ್ಡೆಲೋಗಳನ್ನು ಚೆನ್ನಾಗಿ ತಣಿಸಿಟ್ಟರೆ ಬೋಂಡಾ, ಅಂಬೊಡೆಗಳಿಗೆ ಒಳ್ಳೆಯ ಜೊತೆ. ದಕ್ಷಿಣದ ಮಾರ್ಗರೆಟ್ ರಿವರಿನ ಕಥೆ ನಮ್ಮಂಥ ಸಂಶೋಧಕರಿಗೆ ಬಲು ಪ್ರಿಯ. ಡಾ. ಜಾನ್ ಗ್ಲ್ಯಾಡ್‌ಸ್ಟೋನ್ಸ್ ಎಂಬ ಕೃಷಿ ವಿಜ್ಞಾನಿ 1965ರಲ್ಲಿ ಆ ಸೀಮೆಯ ಹವಾಮಾನ ದ್ರಾಕ್ಷಿಗೆ ತಕ್ಕದ್ದೆಂದು ಬರೆದರು, 1967ರಲ್ಲಿ ಡಾ. ಟಾಮ್ ಕಲಿಟಿ ಎಂಬ ವೈದ್ಯರು ಅಲ್ಲಿ ವಾಸ್ ಫೀಲಿಕ್ಸ್ ತೋಟ ನೆಟ್ಟರು. ಪ್ರಬಂಧ ಬರೆದರೆ ಯಾರೂ ಓದುವುದಿಲ್ಲವೆಂದು ಕೊರಗುವವರಿಗೆ ಇದೊಂದು ಸಮಾಧಾನ. ಬ್ರಿಸ್ಬೇನಿನವರಿಗೆ ಸ್ಟಾಂತೋರ್ಪ್ ಸುತ್ತಲಿನ ಗ್ರಾನೈಟ್ ಬೆಲ್ಟ್ ಇದೆ. ಎತ್ತರದ ತಂಪು ನೆಲ. ಇಲ್ಲಿ ಕ್ರಿಸ್ಮಸ್ ಎಂದರೆ ಮಾವಿನ ಕಾಲ. ಮಾವಿನಹಣ್ಣಿಗೆ ನೊರೆಯುಕ್ಕುವ ಮೊಸ್ಕಾಟೊ, ಹೋಳಿಗೆಗೆ ವಿಕ್ಟೋರಿಯಾದ ರದರ್‌ಗ್ಲೆನ್ ಮಸ್ಕಾಟ್. ಸಿಹಿಯೂಟಕ್ಕೆ ವೈನು ತಿಂಡಿಗಿಂತ ಸಿಹಿಯಾಗಿರಬೇಕು, ಇಲ್ಲವಾದರೆ ಕಷಾಯದಂತಾಗುತ್ತದೆ.

ಎರಡನೆಯ ಪ್ರಶ್ನೆಗೆ ಬಂದೆವು: ಪಂಕ್ತಿಯಲ್ಲಿ ಯಾರಿದ್ದಾರೆ? ಇದನ್ನು ನಾವು ಸರಿಯಾಗಿ ಕಲಿತದ್ದು ತಪ್ಪು ಮಾಡಿದ ಮೇಲೆ.

ಅಂಗಡಿ ನಮ್ಮ ಕೈಗೆ ಬಂದ ಆ ಡಿಸೆಂಬರಿನಲ್ಲೇ ಮೈಸೂರಿನಿಂದ ಸೋದರಮಾವ ಬಂದಿದ್ದರು. ನಿವೃತ್ತ ಮೇಷ್ಟರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಆದರೆ ಕುತೂಹಲದ ಮನುಷ್ಯ. ಕ್ರಿಸ್ಮಸ್ ಸಂಜೆ, "ಇದರಲ್ಲಿ ದ್ರಾಕ್ಷಿ ಬಿಟ್ಟು ಬೇರೇನೂ ಇಲ್ಲ ತಾನೇ?" ಎಂದು ಕೇಳಿದರು. "ಬರೀ ದ್ರಾಕ್ಷಿ ಮಾವ" ಎಂದೆವು. ಅರ್ಧ ಲೋಟ ಬಿಳಿ ವೈನ್ ರುಚಿ ನೋಡಿ, "ಪರವಾಗಿಲ್ಲ, ನಮ್ಮ ನಂದಿಬೆಟ್ಟದ ಕಡೆಯ ಕರಿದ್ರಾಕ್ಷಿಯ ವಾಸನೆ ಇದಕ್ಕಿಲ್ಲ" ಎಂದು ತೀರ್ಪು ಕೊಟ್ಟರು.

ಮೂರು ದಿನದ ನಂತರ ಸರಕು ಜೋಡಿಸುತ್ತ ತಯಾರಕರು ಕಳಿಸಿದ್ದ ವಿವರಪತ್ರ ಓದಿದೆವು. ಆ ವೈನನ್ನು ತಿಳಿಗೊಳಿಸಲು ಐಸಿಂಗ್ಲಾಸ್ ಬಳಸಿದ್ದರು. ಐಸಿಂಗ್ಲಾಸ್ ಎಂದರೆ ಮೀನಿನ ಗಾಳಿಚೀಲ. ಹೊಸ ವೈನಿನ ಮಡ್ಡಿಯನ್ನು ಹಿಡಿದು ತಳಕ್ಕಿಳಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಜೆಲಟಿನ್‌ಗಳನ್ನೂ ಬಳಸುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣನ್ನೂ ಬಳಸುತ್ತಾರೆ. ಮೊಟ್ಟೆ, ಹಾಲು ಬಳಸಿದ್ದರೆ ಲೇಬಲಿನಲ್ಲಿ ಕಾಣಿಸಬೇಕೆಂದು ಇಲ್ಲಿಯ ನಿಯಮ. ಐಸಿಂಗ್ಲಾಸಿಗೆ ಮಾತ್ರ ವಿನಾಯಿತಿ.

ಹೇಳುವುದೇ, ಬಿಡುವುದೇ? ಎರಡು ರಾತ್ರಿ ಯೋಚಿಸಿದೆವು. ಮೂರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೇಳಿಬಿಟ್ಟೆವು. ಜೊತೆಗೆ, ಅದು ಮಡ್ಡಿಯೊಡನೆ ಇಳಿದುಹೋಗುತ್ತದೆ, ಬಾಟಲಿಯಲ್ಲಿ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ ಎಂದು ನಮ್ಮ ಶಾಸ್ತ್ರವನ್ನೂ ಒಪ್ಪಿಸಿದೆವು. ಮಾವ ಮಾತಾಡಲಿಲ್ಲ. ಕಾಫಿಯೂ ಆರಿತು. ಸಂಜೆ ಹಿತ್ತಲಲ್ಲಿ ಕುಳಿತಿದ್ದಾಗ, "ಎಷ್ಟು ಉಳೀತು ಅಂತ ನಾನು ಕೇಳಿರಲಿಲ್ಲ ಕಣೋ, ಏನು ಹಾಕಿದ್ದಾರೆ ಅಂತ ಕೇಳಿದ್ದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬರೀ ದ್ರಾಕ್ಷಿ ಅಂತ ಇನ್ನೆಷ್ಟು ಜನಕ್ಕೆ ಹೇಳಿದೀಯಾ?" ಎಂದರು.

ಲೆಕ್ಕ ನಮ್ಮ ಬಳಿ ಇರಲಿಲ್ಲ. ಮೂರು ವರ್ಷದಿಂದ ಹೇಳುತ್ತಲೇ ಬಂದಿದ್ದೆವು.

ಆ ವಾರವೇ ತಯಾರಕರಿಗೆಲ್ಲ ಕಾಗದ ಬರೆದೆವು. ಜೇಡಿಮಣ್ಣಿನಿಂದ ತಿಳಿಗೊಳಿಸಿದ್ದು, ಏನನ್ನೂ ಹಾಕದೆ ತಾನಾಗಿ ತಿಳಿಯಾದದ್ದು, ಇಂಥವುಗಳ ಕೆಳಗೆ ಹಸಿರು ಚೀಟಿ ಅಂಟಿಸಿದೆವು. ಉತ್ತರ ಬಾರದ ಬಾಟಲಿಗಳಿಗೆ ಚೀಟಿ ಇಲ್ಲ. ಊರಿಂದ ಬಂದ ಯಜಮಾನರು, ಇದೇನು ಹಸಿರು ತೋರಣ ಎಂದು ಗೊಣಗಿದರು. ಗಿರಾಕಿಗಳು ಚೀಟಿ ಹುಡುಕಿಕೊಂಡು ಬರತೊಡಗಿದ ಮೇಲೆ ಸುಮ್ಮನಾದರು. ಈಚೆಗೆ ಅನೇಕ ಬಾಟಲಿಗಳ ಮೇಲೆ 'ವೀಗನ್' ಎಂದೇ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಅಂಗಡಿಯಲ್ಲಿ ಕೇಳಿ. ಕೇಳಲು ಸಂಕೋಚ ಬೇಡ. ಶಾಕಾಹಾರಿ ಅತಿಥಿಗೆ ತಿಳಿಯದ್ದನ್ನು ಬಡಿಸಿ, ತಿಳಿದದ್ದೆಂದು ಹೇಳಬೇಡಿ.

ಮೂರನೆಯ ಪ್ರಶ್ನೆಗೆ ಲೆಕ್ಕ ಸಾಕು. ಆಸ್ಟ್ರೇಲಿಯಾದಲ್ಲಿ ಒಂದು 'ಸ್ಟ್ಯಾಂಡರ್ಡ್ ಡ್ರಿಂಕ್' ಎಂದರೆ 10 ಗ್ರಾಂ ಆಲ್ಕೊಹಾಲ್. ಶೇಕಡಾ 13.5ರ 750 ಮಿಲಿಲೀಟರ್ ಬಾಟಲಿಯಲ್ಲಿ ಅಂಥವು ಎಂಟು, ಲೇಬಲಿನಲ್ಲೇ ಇರುತ್ತದೆ. ಬಾಟಲಿಯನ್ನು ಐದು ಲೋಟ ಮಾಡಿದರೆ ಪ್ರತಿ ಲೋಟವೂ ಒಂದೂವರೆಗೆ ಮೇಲಾಯಿತು. 2020ರ ರಾಷ್ಟ್ರೀಯ ಸಲಹೆಯಂತೆ ವಾರಕ್ಕೆ ಹತ್ತು, ದಿನಕ್ಕೆ ನಾಲ್ಕು ದಾಟಬಾರದು. ಕಾರು ಓಡಿಸುವವರಿಗೆ ರಕ್ತದಲ್ಲಿ 0.05ರ ಮಿತಿ, ಪಿ-ಪ್ಲೇಟಿನವರಿಗೆ ಸೊನ್ನೆ. ಎಂಟು ಜನರಲ್ಲಿ ನಾಲ್ವರು ಕುಡಿಯುವವರಾದರೆ ಎರಡು ಬಾಟಲಿ ಧಾರಾಳ. "ಇನ್ನೊಂದು ಸ್ವಲ್ಪ" ಎಂಬ ನಮ್ಮ ಬಡಿಸುವ ಉಪಚಾರ ಅನ್ನ ಸಾರಿಗೆ ಮಾತ್ರ ಇರಲಿ.

ಮಾವ ಮತ್ತೆ ವೈನ್ ಮುಟ್ಟಲಿಲ್ಲ. ಆದರೆ ಮರುದಿನ ಬೆಲ್ಲ, ನಿಂಬೆಹಣ್ಣು, ಶುಂಠಿ, ಏಲಕ್ಕಿ ಸೇರಿಸಿ ರಾಮನವಮಿಯ ಪಾನಕ ಮಾಡಿ, ಹೊಸ ವರ್ಷದ ಊಟಕ್ಕೆ ಬಂದ ಯಜಮಾನರ ಮಗನಿಗೆ ವೈನ್ ಲೋಟದಲ್ಲೇ ಕೊಟ್ಟರು. ಆ ರಾತ್ರಿ ಕಾರು ಓಡಿಸಬೇಕಾಗಿದ್ದವನು ಅವನೇ. ಎರಡು ಲೋಟ ಕುಡಿದು ಮೂರನೆಯದನ್ನು ಕೇಳಿದ. ಅಂದಿನಿಂದ ನಮ್ಮ ಮನೆಯ ಹಬ್ಬದ ಮೇಜಿನಲ್ಲಿ ಪಾನಕದ ಹೂಜಿಗೆ ಮೊದಲ ಸ್ಥಾನ, ಬಾಟಲಿಗೆ ಅದರ ಪಕ್ಕ.

ದನಿ ತಗ್ಗಿಸಿ ಕೇಳಿದ ಆ ಮಹನೀಯರಿಗೆ ಅಂದು ನಾವು ಹೇಳಿದ್ದೂ ಇಷ್ಟೇ: ಒಂದು ರೀಸ್ಲಿಂಗ್, ಒಂದು ಹೂಜಿ ಪಾನಕ, ಮತ್ತು ಯಾರಾದರೂ ಕೇಳಿದರೆ ನಿಜವಾದ ಉತ್ತರ.