ನಿಮಗಿದು ಗೊತ್ತೇ? ಸೂಪರ್‌ಚಾರ್ಜರ್ ತರುವ ಬಲ, ಜತೆಗೇ ಬರುವ ಬಿಸಿ

ಸ್ಪೋರ್ಟ್ಸ್ ಕಾರಿಗೆ ಎಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿದರೆ ಬಲ ಹೆಚ್ಚುತ್ತದೆ. ಆ ಬಲ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಮಾತ್ರ ಬಿಸಿಯನ್ನು ಎಷ್ಟು ಬೇಗ ಹೊರಹಾಕುತ್ತೀರಿ ಎನ್ನುವುದರ ಮೇಲೆ ನಿಂತಿದೆ.

● ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ಅದೇ ಬಗೆಯ ಯಂತ್ರವನ್ನು ಸೂಪರ್‌ಚಾರ್ಜರ್ ಆಗಿ ಜೋಡಿಸಿದ ಕಾರುಗಳನ್ನು ಮರ್ಸಿಡಿಸ್ 1921ರಲ್ಲಿ ಬರ್ಲಿನ್ ಪ್ರದರ್ಶನಕ್ಕೆ ತಂದಿತು.

● ಸೂಪರ್‌ಚಾರ್ಜರ್ ತಿರುಗುವುದು ಎಂಜಿನ್ನಿನದೇ ಶಕ್ತಿಯಿಂದ. 707 ಅಶ್ವಶಕ್ತಿಯ 2015ರ ಡಾಡ್ಜ್ ಹೆಲ್‌ಕ್ಯಾಟ್‌ನಲ್ಲಿ ಅದನ್ನು ಪೂರ್ತಿ ವೇಗದಲ್ಲಿ ತಿರುಗಿಸಲು ಸುಮಾರು 80 ಅಶ್ವಶಕ್ತಿ ಬೇಕು!

● ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಒತ್ತಿದ ಗಾಳಿ ಕಾಯುತ್ತದೆ. 25 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೇರಿಸಿದರೆ, ಶೇ 60ರಷ್ಟು ದಕ್ಷತೆಯ ಸೂಪರ್‌ಚಾರ್ಜರ್‌ನಿಂದ ಅದು ಹೊರಬರುವುದು ಸುಮಾರು 86 ಡಿಗ್ರಿಯಲ್ಲಿ.

● ಕಾದ ಗಾಳಿ ತೆಳು. ಹಾಗಾಗಿ ಒತ್ತಡ ಶೇ 50ರಷ್ಟು ಏರಿದರೂ ಸಿಲಿಂಡರ್‌ಗೆ ಹೆಚ್ಚುವರಿಯಾಗಿ ಸಿಗುವ ಗಾಳಿ ಶೇ 25 ಮಾತ್ರ. ಒತ್ತಡ ಇಳಿಯದಂತೆ, ಗಾಳಿ ತಣಿಸುವ ಇಂಟರ್‌ಕೂಲರ್ ಅದನ್ನು 45 ಡಿಗ್ರಿಗೆ ತಂದರೆ ಈ ಲಾಭ ಶೇ 40 ದಾಟುತ್ತದೆ.

● ಬಿಸಿ ಗಾಳಿಯಿಂದ ಪೆಟ್ರೋಲ್ ತಾನಾಗಿ ಹೊತ್ತಿ ‘ನಾಕಿಂಗ್’ ಶುರುವಾದರೆ ಪಿಸ್ಟನ್ನೇ ಒಡೆಯಬಹುದು. ಅದನ್ನು ತಡೆಯಲು ಕಾರಿನ ಕಂಪ್ಯೂಟರ್ ಸ್ಪಾರ್ಕ್ ಕೊಡುವುದನ್ನು ತಡಮಾಡುತ್ತದೆ. ಹಣ ಕೊಟ್ಟು ಪಡೆದ ಅಶ್ವಶಕ್ತಿ ಅಲ್ಲಿಗೆ ಇಳಿಯಿತು.

● ಒತ್ತಡ ಕಡಿಮೆಯಿದ್ದರೆ ಇಂಟರ್‌ಕೂಲರ್ ಇಲ್ಲದೆಯೂ ನಡೆಯುತ್ತದೆ. ಲೋಟಸ್ ಎಕ್ಸಿಜ್ ಎಸ್ ಚಾವಣಿಯ ಬಾಯಿಯಿಂದ ಇಂಟರ್‌ಕೂಲರ್‌ಗೆ ಗಾಳಿ ಎಳೆಯುತ್ತಿತ್ತು. ಅದೇ ಕಂಪನಿಯ 2008ರ ಎಲೀಸ್ ಎಸ್‌ಸಿ ಇಂಟರ್‌ಕೂಲರ್ ಅನ್ನೇ ಬಿಟ್ಟು ತೂಕ ಉಳಿಸಿತು.

● ಸೂಪರ್‌ಚಾರ್ಜರ್ ಇದ್ದ 2015ರ ಕಾರ್ವೆಟ್ ಝಡ್06ರದು 650 ಅಶ್ವಶಕ್ತಿ. ರೇಸ್ ಟ್ರ್ಯಾಕ್‌ನಲ್ಲಿ ಅದು ವಿಪರೀತ ಕಾಯುತ್ತದೆಂಬ ದೂರುಗಳು ಬಂದವು. 2017ರ ಮಾದರಿಗೆ ಷೆವರ್ಲೆ ದೊಡ್ಡ ಗಾಳಿಕಿಂಡಿಗಳ ಬಾನೆಟ್ ಕೊಟ್ಟಿತು.

● 755 ಅಶ್ವಶಕ್ತಿಯ 2019ರ ಕಾರ್ವೆಟ್ ಝಡ್‌ಆರ್1ರಲ್ಲಿ ಬಿಸಿ ಹೊರಹಾಕಲೆಂದೇ ಇರುವ ಶಾಖ ವಿನಿಮಯ ಘಟಕಗಳು ಒಟ್ಟು 13!

● 2018ರ ಡಾಡ್ಜ್ ಡೀಮನ್ ಡ್ರ್ಯಾಗ್ ಓಟದಲ್ಲಿ ಒಳಗೆ ಕುಳಿತವರ ಎಸಿ ತಂಪನ್ನು ಇಂಟರ್‌ಕೂಲರ್‌ನ ದ್ರವ ತಣಿಸಲು ತಿರುಗಿಸಿಕೊಳ್ಳುತ್ತದೆ.

● 2023ರ ಕಾರ್ವೆಟ್ ಝಡ್06 ಸೂಪರ್‌ಚಾರ್ಜರ್ ಅನ್ನೇ ಕೈಬಿಟ್ಟಿತು. ಅದರ 5.5 ಲೀಟರ್ ಎಂಜಿನ್ ನಿಮಿಷಕ್ಕೆ 8,400 ಸುತ್ತಿನಲ್ಲಿ 670 ಅಶ್ವಶಕ್ತಿ ಕೊಡುತ್ತದೆ, ಹಿಂದಿನದಕ್ಕಿಂತ 20 ಹೆಚ್ಚು.

● ಕೆಲವೇ ಸೆಕೆಂಡುಗಳ ಡ್ರ್ಯಾಗ್ ಓಟಕ್ಕೆ ಸಾಲುವ ಇಂಟರ್‌ಕೂಲರ್ 20 ನಿಮಿಷದ ಟ್ರ್ಯಾಕ್ ಓಟಕ್ಕೆ ಸಾಲದೇ ಹೋಗಬಹುದು. ಆದ್ದರಿಂದ ಸೂಪರ್‌ಚಾರ್ಜರ್ ಕಿಟ್ ಕೊಳ್ಳುವವರು ಇಂಟರ್‌ಕೂಲರ್, ರೇಡಿಯೇಟರ್, ಆಯಿಲ್ ಕೂಲರ್‌ಗಳ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.