ಬರೆದದ್ದನ್ನೇ ಕೇಳುತ್ತಾರೆ

ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳ ರೆಸ್ಯೂಮಿನಲ್ಲಿ ‘ಟ್ಯಾಲಿ, ಜಿಎಸ್‌ಟಿ ಗೊತ್ತು’ ಎಂಬ ಸಾಲಿದೆ ಎಂದಿಟ್ಟುಕೊಳ್ಳಿ. ಸಂದರ್ಶನದ ಮೇಜಿನಾಚೆ ಕೂತವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ‘ಜಿಎಸ್‌ಟಿಆರ್-1ಕ್ಕೂ 3ಬಿಗೂ ಏನಮ್ಮಾ ವ್ಯತ್ಯಾಸ?’ ಮೊದಲನೆಯದು ಮಾರಾಟದ ವಿವರ. ಎರಡನೆಯದು ಒಟ್ಟು ಲೆಕ್ಕ ತೋರಿಸಿ ತೆರಿಗೆ ಕಟ್ಟುವುದು. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಒಂದಕ್ಕೆ ಮುಂದಿನ ತಿಂಗಳ 11, ಇನ್ನೊಂದಕ್ಕೆ 20 ಕೊನೆಯ ದಿನ. ಒಮ್ಮೆಯಾದರೂ ಕೈಯಾರೆ ಮಾಡಿದ್ದವಳಿಗೆ ಇದು ಎರಡು ಮಾತಿನ ಉತ್ತರ. ಬರೀ ಸರ್ಟಿಫಿಕೇಟ್ ಇದೆಯೆಂದು ಬರೆದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಅವಳಿಗೆ ನಿಜವಾಗಿ ಗೊತ್ತಿರುವ ಸಂಗತಿಗಳ ಮೇಲೂ ಅನುಮಾನ ಶುರುವಾಗುತ್ತದೆ.

ರೆಸ್ಯೂಮ್ ಬರೆಯುವುದು ಒಂದು ಕೆಲಸ, ಸಂದರ್ಶನಕ್ಕೆ ತಯಾರಾಗುವುದು ಇನ್ನೊಂದು ಎಂದು ನಮ್ಮ ಮಕ್ಕಳು ತಿಳಿದಿರುತ್ತಾರೆ. ಎರಡೂ ಒಂದೇ. ಪ್ರಶ್ನೆಪತ್ರಿಕೆಯನ್ನು ಅಭ್ಯರ್ಥಿಯೇ ಬರೆದು ಕೊಡುವ ಪರೀಕ್ಷೆ ಇದು. ಸರ್ಕಾರಿ ಕೆಲಸದ ದಾರಿ ಬೇರೆ. ಕೇಂದ್ರ ಸರ್ಕಾರವಂತೂ 2016ರ ಜನವರಿಯಿಂದ ಗ್ರೂಪ್ ಸಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿದೆ. ಅಲ್ಲಿನ ಲಿಖಿತ ಪರೀಕ್ಷೆಗೆ ಗೈಡು ಓದಿ ಬರೆಯುವ ಅಭ್ಯಾಸ ಖಾಸಗಿ ಕಂಪನಿಯ ಬಾಗಿಲಲ್ಲಿ ನಡೆಯುವುದಿಲ್ಲ. ಮೊದಲ ಕೆಲಸಕ್ಕೆ ಬಂದವರ ಬಗ್ಗೆ ತಿಳಿಯಲು ಕೇಳುವವರ ಕೈಯಲ್ಲಿ ಆ ಒಂದು ಹಾಳೆ ಬಿಟ್ಟರೆ ಇನ್ನೇನಿರುತ್ತದೆ?

ಆ ಹಾಳೆ ನಮ್ಮ ತಾಲ್ಲೂಕು ಊರುಗಳಲ್ಲಿ ಹುಟ್ಟುವುದು ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ. ಯಾರದೋ ಹಳೆಯ ಫೈಲು ತೆರೆದು, ಹೆಸರು, ಅಂಕ ಬದಲಿಸಿ ಪ್ರಿಂಟ್ ಕೊಡುತ್ತಾರೆ. ಹಾಗಾಗಿ ಒಂದೇ ತರಗತಿಯವರ ‘ಆಬ್ಜೆಕ್ಟಿವ್’ ಒಂದಕ್ಷರ ಬಿಡದೆ ಒಂದೇ ಆಗಿರುತ್ತದೆ. ತಂದೆಯ ಉದ್ಯೋಗ, ಧರ್ಮ, ಮದುವೆ ಆಗಿದೆಯೇ ಇಲ್ಲವೇ, ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ ಮತ್ತು ಸಹಿ. ಇವೆಲ್ಲ ಮದುವೆಯ ಬಯೋಡೇಟಾಕ್ಕೆ, ಸರ್ಕಾರಿ ಅರ್ಜಿಗೆ ಸೇರಿದವು. ತೆಗೆದುಹಾಕಿದರೆ ನಿಮ್ಮ ಬಗ್ಗೆ ಹೇಳಲು ಅರ್ಧ ಪುಟ ಸಿಗುತ್ತದೆ. ಹೊಸಬರಿಗೆ ಒಂದು ಪುಟ ಸಾಕು.

ಆ ಅರ್ಧ ಪುಟಕ್ಕೆ ಏನು ಹಾಕಬೇಕು ಎಂಬಲ್ಲೇ ನನಗೆ ಹೇಳುವುದು ಹೆಚ್ಚಿದೆ. ಹಳ್ಳಿಯ ಹುಡುಗನೊಬ್ಬ ಮೂರು ವರ್ಷ, ಬೆಳಿಗ್ಗೆ ಸಂಜೆ, ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಗೆ ಕೈಜೋಡಿಸಿದ್ದಾನೆ. ಹಾಲು ಅಳೆದು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ, ಅದರ ಮೇಲೆ ದರ ಹಾಕಿ, ಒಬ್ಬೊಬ್ಬರ ಲೆಕ್ಕ ಬರೆದಿದ್ದಾನೆ. ‘ನನ್ನ ಹಾಲಿಗೆ ಯಾಕೆ ಕಡಿಮೆ ಬಂತು?’ ಎಂದು ಜಗಳಕ್ಕೆ ಬಂದವರನ್ನು ಸಮಾಧಾನ ಮಾಡಿ ಕಳಿಸಿದ್ದಾನೆ. ಇದೆಲ್ಲ ರೆಸ್ಯೂಮಿನಲ್ಲಿ ಇಲ್ಲ. ಬದಲಿಗೆ ‘ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್’ ಎಂಬ ಎರಡು ಪದ ಇವೆ. ಡೇರಿಯ ಕೆಲಸ ಬರೆದರೆ ನಗುತ್ತಾರೇನೋ ಎಂಬ ಸಂಕೋಚ! ಅಪ್ಪನ ಗೊಬ್ಬರದಂಗಡಿಯ ಬಿಲ್ಲು, ಚಿಕ್ಕಪ್ಪನ ಹೋಟೆಲಿನ ಗಲ್ಲೆ, ಸ್ವಸಹಾಯ ಸಂಘದಲ್ಲಿ ಅಮ್ಮನಿಗೆ ಬರೆದುಕೊಟ್ಟ ಪುಸ್ತಕ, ಎಲ್ಲಕ್ಕೂ ಇದೇ ಗತಿ. ನನ್ನ ಮಟ್ಟಿಗೆ ಇದು ನಮ್ಮ ಮಕ್ಕಳು ತಮಗೆ ತಾವೇ ಮಾಡಿಕೊಳ್ಳುವ ದೊಡ್ಡ ಅನ್ಯಾಯ.

ಬರೆಯುವ ರೀತಿ ಕಷ್ಟದ್ದಲ್ಲ. ಎಲ್ಲಿ, ಎಷ್ಟು ಕಾಲ, ಏನು ಮಾಡಿದೆ, ಎಷ್ಟರ ಮಟ್ಟಿಗೆ ಎಂದು ಹೇಳಿದರಾಯಿತು. ‘ಹಾಲು ಉತ್ಪಾದಕರ ಸಂಘದಲ್ಲಿ ಮೂರು ವರ್ಷ, ದಿನಕ್ಕೆ ಎರಡು ಹೊತ್ತು, ಸುಮಾರು 80 ಸದಸ್ಯರ ಹಾಲಿನ ಅಳತೆ ಮತ್ತು ಪಾವತಿ ಲೆಕ್ಕ ದಾಖಲಿಸಿದ್ದೇನೆ.’ ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕುವಾಗ ಈ ಸಾಲು ಮೇಲಿರಲಿ. ಮಾರಾಟದ ಕೆಲಸವಾದರೆ ಜನರೊಂದಿಗೆ ವ್ಯವಹರಿಸಿದ್ದು ಮೇಲೆ ಬರಲಿ. ಸುಳ್ಳು ಸಂಖ್ಯೆ ಮಾತ್ರ ಬೇಡ. 80 ಎಂದು ಬರೆದವರನ್ನು ‘ಒಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು?’ ಎಂದು ಕೇಳಿಯೇ ಕೇಳುತ್ತಾರೆ.

ರೂಪದ ಬಗ್ಗೆ ಸ್ವಲ್ಪ. ದೊಡ್ಡ ಕಂಪನಿಗಳಲ್ಲೂ ಉದ್ಯೋಗ ತಾಣಗಳಲ್ಲೂ ರೆಸ್ಯೂಮನ್ನು ಮೊದಲು ಓದುವುದು ಬಹಳ ಸಲ ಸಾಫ್ಟ್‌ವೇರ್. ಎರಡು ಕಾಲಮ್ಮು, ಬಣ್ಣದ ಪಟ್ಟಿ, ಚೌಕಟ್ಟಿನೊಳಗಿನ ಅಕ್ಷರಗಳಲ್ಲಿ ಅದು ಎಡವಬಹುದು. ಮೇಲಿಂದ ಕೆಳಗೆ ಸರಳವಾಗಿ ಬರೆದು ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರನ್ನೇ ಇಡಿ. ಹೆಸರಿನದೂ ಒಂದು ತೊಡಕಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲನೆಯಲ್ಲಿ, ಪಿಎಫ್ ಖಾತೆ ತೆರೆಯುವಾಗ ಇದು ಕಾಡುತ್ತದೆ. ಈಗಲೇ ಸರಿಪಡಿಸಿಕೊಳ್ಳಿ.

ಇನ್ನು ಒಳಗೆ ಹೋದ ಮೇಲೆ. ‘ನಿಮ್ಮ ಬಗ್ಗೆ ಹೇಳಿ’ ಎಂದೊಡನೆ ಊರು, ಅಪ್ಪ ಅಮ್ಮ, ಅಣ್ಣ ತಂಗಿಯ ಕಂಠಪಾಠ ಶುರುವಾಗುತ್ತದೆ. ಅವರು ಕೇಳುತ್ತಿರುವುದು, ಈ ಕೆಲಸಕ್ಕೆ ನೀವು ಯಾಕೆ ಬಂದಿರಿ, ಏನು ತಂದಿದ್ದೀರಿ ಎಂದು. ಓದಿದ್ದೇನು, ಕೈಯಾರೆ ಮಾಡಿದ್ದೇನು, ಈ ಕಂಪನಿ ಏನು ತಯಾರಿಸುತ್ತದೆಂದು ತಿಳಿದುಕೊಂಡು ಬಂದಿದ್ದೇನೆ ಎಂಬುದು ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಕನ್ನಡ ಮಾಧ್ಯಮದವರು ಇಂಗ್ಲಿಷಿನ ಭಯದಲ್ಲಿ ಉದ್ದ ವಾಕ್ಯ ಉರುಹೊಡೆದು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಚಿಕ್ಕ ವಾಕ್ಯ ಹೇಳಿ, ನಿಲ್ಲಿಸಿ. ಬೆಂಗಳೂರಿನ ಪೀಣ್ಯದ ಕಾರ್ಖಾನೆಯಂಥ ಕಡೆ ತಾಂತ್ರಿಕ ಪ್ರಶ್ನೆಗೆ ‘ಸರ್, ಇದನ್ನು ಕನ್ನಡದಲ್ಲಿ ಹೇಳಲೇ?’ ಎಂದು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ಗ್ರಾಹಕರೊಂದಿಗೆ ಇಂಗ್ಲಿಷಿನಲ್ಲೇ ಮಾತಾಡಬೇಕಾದ ಕೆಲಸವಾದರೆ ಮಾತ್ರ ಆ ಅನುಕೂಲವಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಆದರೆ ಅಲ್ಲಿಗೇ ಬಿಡಬೇಡಿ. ಮೈಕ್ರೋಮೀಟರಿನ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) ಕೇಳಿದಾಗ ಮರೆತಿದ್ದರೆ, ‘ವರ್ನಿಯರ್‌ನದು 0.02 ಮಿಲಿಮೀಟರ್, ಮೈಕ್ರೋಮೀಟರ್ ಅದಕ್ಕಿಂತ ಸೂಕ್ಷ್ಮ’ ಎಂದ ಡಿಪ್ಲೊಮಾ ಹುಡುಗನಿಗೆ 0.01 ಎಂಬುದು ನೆನಪಾಗದಿದ್ದರೂ ಉಪಕರಣ ಹಿಡಿದಿದ್ದಾನೆ ಎಂಬುದು ಕೇಳಿದವರಿಗೆ ಗೊತ್ತಾಗುತ್ತದೆ. ಫೇಲಾದ ವರ್ಷದ ಬಗ್ಗೆ ಕೇಳಿದರೂ ಅಷ್ಟೇ: ಆದದ್ದನ್ನು ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ಹೇಗೆ ಪಾಸು ಮಾಡಿಕೊಂಡಿರಿ ಎಂದು ಹೇಳಿ.

ಸಂಬಳದ ಮಾತು ಬಂದಾಗ ಸಿಟಿಸಿಯ, ಅಂದರೆ ಕಂಪನಿಗೆ ನಿಮ್ಮ ಮೇಲೆ ಬೀಳುವ ಒಟ್ಟು ಖರ್ಚಿನ, ಅಂಕಿ ಕೇಳಿ ತಲೆಯಾಡಿಸಬೇಡಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಸಾಮಾನ್ಯವಾಗಿ ಮೂಲ ವೇತನದ 4.81%ರಷ್ಟು ಗ್ರಾಚ್ಯುಟಿ ಕೂಡ ಸೇರಿರುತ್ತವೆ. ‘ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ?’ ಎಂದು ಕೇಳುವುದು ನಿಮ್ಮ ಹಕ್ಕು. ನೋಂದಣಿ, ತರಬೇತಿ, ಠೇವಣಿ ಎಂದು ನಿಮ್ಮಿಂದಲೇ ಹಣ ಕೇಳಿದರೆ ಎದ್ದು ಬನ್ನಿ.

ಹೋಗುವ ಹಿಂದಿನ ರಾತ್ರಿ ಒಂದು ಕೆಲಸ ಮಾಡಿ. ರೆಸ್ಯೂಮನ್ನು ಅಕ್ಕನ ಕೈಗೋ ಗೆಳೆಯನ ಕೈಗೋ ಕೊಟ್ಟು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ‘ಇದೇನು, ಹೇಗೆ ಮಾಡಿದೆ?’ ಎಂದು ಕೇಳಲು ಹೇಳಿ. ಉತ್ತರ ಬಾರದ ಸಾಲನ್ನು ಹೊಡೆದುಹಾಕಿ. ಆ ಜಾಗದಲ್ಲಿ ಹಾಲಿನ ಡೇರಿಯ ಸಾಲು ಬರೆಯಿರಿ.